ಅಡಿಕೆ ಬೆಳೆಗಾರ ಯಾವ ಕಲಮಿನಲ್ಲಿ?

ಪತ್ರ: 2011ರ ಜನಗಣತಿಯಲ್ಲಿ ನಮ್ಮ ತಾಲೂಕಿನ ಸಾಗುವಳಿದಾರರ ಸಂಖ್ಯೆ ಇಷ್ಟು ಸಣ್ಣದೇಕೆ? ಬೇಸಾಯ ಮುಗಿದು ಎಲ್ಲರೂ ಮಂಗಳೂರಿನ ಪೇಟೆ ದುಡಿಮೆಗೆ ಸೇರಿದರೆಂದೇ ಅರ್ಥವಲ್ಲವೇ?
– ಓದುಗರು, ಪುತ್ತೂರು

ಉತ್ತರ: ಪೇಟೆಯ ಸೆಳೆತ ಸುಳ್ಳಲ್ಲ. ದಕ್ಷಿಣ ಕನ್ನಡದ 20,89,649 ಜನರಲ್ಲಿ ಶೇ. 47.67 ಮಂದಿ ಪಟ್ಟಣವಾಸಿಗಳು. ರಾಜ್ಯದ ಪ್ರಮಾಣ ಶೇ. 38.67. ಅಷ್ಟು ಒಪ್ಪಿದೆ.

ಆದರೆ ಪಟ್ಟಿಗಿಂತ ಮೊದಲು ಅದರ ವ್ಯಾಖ್ಯೆ ಓದಬೇಕಿತ್ತು, ಮಾರಾಯರೇ. ಜನಗಣತಿಯ ಪ್ರಕಾರ ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ 'ಸಾಗುವಳಿ'ಯೇ ಅಲ್ಲ! ಮಳೆಗಾಲವಿಡೀ ಬೋರ್ಡೋ ದ್ರಾವಣ ಹೊಡೆದು ಅಡಿಕೆಯ ಕೊಳೆರೋಗದೊಡನೆ ಗುದ್ದಾಡುವವನು 'ಇತರೆ ಕೆಲಸಗಾರ'. ಬ್ಯಾಂಕ್ ಗುಮಾಸ್ತ, ಬಸ್ ಡ್ರೈವರ್, ಮಲ್ಪೆಯ ಬೋಟಿನವರು ಎಲ್ಲರೂ ಅದೇ ಕಲಮಿನಲ್ಲಿ. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟವನು ಊರು ಬಿಡದೆಯೇ ಕೃಷಿಯಿಂದ ಹೊರಬಿದ್ದ. ನೀವು ಕಂಡ 'ಬೇಸಾಯದ ಅಂತ್ಯ'ದಲ್ಲಿ ಇದರ ಪಾಲು ದೊಡ್ಡದು.

ನಿಜವಾದ ಹಂಚಿಕೆ ಬೇಕಿದ್ದರೆ ತಾಲೂಕಿನ ಮೊತ್ತ ಬಿಡಿ. ಗ್ರಾಮವಾರು ಅಂಕಿಅಂಶ ತೆಗೆದುಕೊಂಡು ಕಡಲ ತಡಿ, ನಡುನಾಡು, ಘಟ್ಟದಡಿ ಎಂದು ಗ್ರಾಮಗಳನ್ನು ಮೂರು ಗುಂಪು ಮಾಡಿ. 'ಇತರೆ' ಸಂಖ್ಯೆಯ ಪಕ್ಕ ಅದೇ ಗ್ರಾಮದ ಬೆಳೆ ಸಮೀಕ್ಷೆಯ ಅಡಿಕೆ, ತೆಂಗು, ರಬ್ಬರ್ ವಿಸ್ತೀರ್ಣ ಇಡಿ. ತೋಟ ವಿಸ್ತಾರವಾಗಿದ್ದು 'ಇತರೆ'ಯೂ ಹೆಚ್ಚಿದ್ದರೆ ಅದು ಪೇಟೆಯ ದುಡಿಮೆ ಎಂದು ಬರೆದುಬಿಡಬೇಡಿ. ಎಡವುವುದು ಗಡಿಯಲ್ಲಿ: 2011ರಲ್ಲಿ ಕಡಬ ಪ್ರತ್ಯೇಕ ತಾಲೂಕಾಗಿರಲಿಲ್ಲ, ಪುತ್ತೂರಿಗೇ ಸೇರಿತ್ತು. ಇಂದಿನ ಪುತ್ತೂರಿನ ಬೆಳೆ ಲೆಕ್ಕವನ್ನು ಅಂದಿನ ಪುತ್ತೂರಿನ ಜನಸಂಖ್ಯೆಗೆ ಹೊಂದಿಸಿದರೆ ಎರಡೂ ಕೆಡುತ್ತವೆ.

ಇನ್ನು ಹೆಂಗಸರ ದುಡಿಮೆ. ಗ್ರಾಮವೊಂದು 'ಜನಗಣತಿ ಪಟ್ಟಣ' (ಆಡಳಿತದಲ್ಲಿ ಗ್ರಾಮ, ಗಣತಿಯ ಲೆಕ್ಕದಲ್ಲಿ ಪಟ್ಟಣ) ಎನಿಸಲು ಕನಿಷ್ಠ 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ಜೊತೆಗೆ ಪುರುಷ ಮುಖ್ಯ ಕೆಲಸಗಾರರಲ್ಲಿ (ವರ್ಷದಲ್ಲಿ ಆರು ತಿಂಗಳಾದರೂ ದುಡಿದವರಲ್ಲಿ) ಕನಿಷ್ಠ ಶೇ. 75 ಮಂದಿ ಕೃಷಿಯೇತರರಾಗಿರಬೇಕು. ಪುರುಷರದು ಮಾತ್ರ! ಸಾವಿರ ಗಂಡಸರಿಗೆ 1,094 ಹೆಂಗಸರಿರುವ ಉಡುಪಿಯಲ್ಲಿ, ಮನೆಯ ಗಂಡಸು ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವಾಗ, ಜಗಲಿಯಲ್ಲಿ ಬೀಡಿ ಕಟ್ಟಿ ಒಲೆ ಉರಿಸಿದವಳ ದುಡಿಮೆಗೆ ಊರಿನ ದರ್ಜೆ ನಿರ್ಧರಿಸುವಾಗ ಲೆಕ್ಕವೇ ಇಲ್ಲ. ಇದು ಅನ್ಯಾಯವೆಂದು ಈ ಪುಟದಲ್ಲಿ ಎಷ್ಟು ಸಲ ಬರೆದರೂ ಸಾಲದು.

ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಗಣತಿದಾರರು ಬಂದಾಗ ಬರೀ 'ಕೃಷಿ' ಅನ್ನದೆ 'ಸ್ವಂತ ಅಡಿಕೆ ತೋಟ' ಎಂದು ಬೆಳೆ ಸಮೇತ ಹೇಳಿ. ಬೀಡಿ ಕಟ್ಟುವ ಅಮ್ಮನನ್ನು 'ಮನೆಯಲ್ಲೇ ಇದ್ದಾರೆ' ಎಂದು ಮುಗಿಸಬೇಡಿ. ವರ್ಷದಲ್ಲಿ ಆರು ತಿಂಗಳಾದರೂ ಕಟ್ಟಿದ್ದರೆ ಅವರು ಮುಖ್ಯ ಕೆಲಸಗಾರರು. ಹಾಗೆಯೇ ಬರೆಸಿ.
– ಸಂ.