ಆ ನೋಟ್‌ಬುಕ್ ಅಟ್ಟದಿಂದ ಇಳಿಸಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ಓದಿದಾಗಲೆಲ್ಲ ಸಿಟ್ಟು ಬಂತು. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ.

ವಿಷಯ ಇಷ್ಟು. ಇವರ ಮಗಳಿಗೆ 12 ವರ್ಷ. ಒಂದು ಭಾನುವಾರ ಪಾತ್ರೆಗೆ ಐಸ್ ಪುಡಿ ಮಾಡಿ ಹಾಕಿ, ಸಣ್ಣ ಉರಿಯಲ್ಲಿಟ್ಟು, ಥರ್ಮಾಮೀಟರ್ ಇಳಿಬಿಟ್ಟು, ಕೈಯಾಡಿಸುತ್ತಾ ನಿಮಿಷಕ್ಕೊಮ್ಮೆ ನೋಡಿ ಬರೆದುಕೊಂಡಳು. ಮನೆಗೆ ಬಂದಿದ್ದ ಸೋದರಮಾವ, ಅಂದರೆ ಪತ್ರ ಬರೆದವರ ಅಣ್ಣ, ಅದನ್ನು ನೋಡಿ ಜೋರಾಗಿ ನಕ್ಕರು. "ಒಲೆ ಮೇಲಿಟ್ಟರೂ ಬಿಸಿ ಏರಲ್ಲ ಅಂದ್ರೆ ಥರ್ಮಾಮೀಟರ್ ಕೆಟ್ಟಿರಬೇಕು, ಇಲ್ಲಾ ನಿನ್ನ ಕಣ್ಣು ಕೆಟ್ಟಿರಬೇಕು" ಅಂದರು. ಹುಡುಗಿ ಬಿಡಲಿಲ್ಲ. ಮಾತು ಒಲೆಯ ಬೆಂಕಿಯ ಕಡೆ ತಿರುಗಿತು. ಬೆಂಕಿ ಅಂದರೆ ಪ್ಲಾಸ್ಮಾ, ಅದು ಘನ, ದ್ರವ, ಅನಿಲ ಬಿಟ್ಟು ವಸ್ತುವಿನ ನಾಲ್ಕನೇ ಸ್ಥಿತಿ ಅಂದಳು. "ಪ್ಲಾಸ್ಮಾ ಇರೋದು ರಕ್ತದಲ್ಲಿ ಕಣೇ" ಅಂತ ಮಾಮ ಮತ್ತೆ ನಕ್ಕರು. ಮಗಳ ಕಣ್ಣಲ್ಲಿ ನೀರು ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ, ಕೂಗಾಡಿದರು. ಎರಡು ತಿಂಗಳಾಯಿತು, ಭಾವಂದಿರಿಬ್ಬರಿಗೂ ಮಾತಿಲ್ಲ.

"ಇಬ್ಬರಲ್ಲಿ ಯಾರು ಮೊದಲು ಸೋಲಬೇಕು? ನಾನು ಯಾರ ಕಡೆ ನಿಲ್ಲಲಿ?" ಇದು ಇವರ ಪ್ರಶ್ನೆ.

ನೋಡಿ ತಾಯಿ, ಎರಡು ಪುಟ ಪೂರ್ತಿ ನಿಮ್ಮ ಅಣ್ಣನ ಬಗ್ಗೆ, ಯಜಮಾನರ ಬಗ್ಗೆ ಬರೆದಿದ್ದೀರಿ. ಕೊನೆಗೆ ಒಂದೇ ಸಾಲು: "ಅಂಕಿ ಬರೆದಿದ್ದ ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆದಿದ್ದಾಳೆ, ಅದು ಹಾಗಿರಲಿ." ಅದು ಹಾಗಿರುವುದು ಬೇಡ. ದೊಡ್ಡವರ ಮುನಿಸು ಇವತ್ತಲ್ಲ ನಾಳೆ ಇಳಿಯುತ್ತದೆ. ನನಗೆ ಚಿಂತೆಯಾಗಿರುವುದು ಆ ನೋಟ್‌ಬುಕ್ಕಿನದು.

ಪುಣ್ಯಕ್ಕೆ ಆ ಪುಟದ ಫೋಟೊ ಕಳಿಸಿದ್ದೀರಿ. ಅದು ನನ್ನ ಮುಂದೆಯೇ ಇದೆ. 3ನೇ ನಿಮಿಷದಿಂದ 14ನೇ ನಿಮಿಷದವರೆಗೆ ಒಂದರ ಕೆಳಗೊಂದು ಸೊನ್ನೆ. ಏಳನೇ ಸೊನ್ನೆಯ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ ರಬ್ಬರಿನಿಂದ ಉಜ್ಜಿದ್ದಾಳೆ, ಗುರುತು ಕಾಣುತ್ತದೆ. 15ರ ಪಕ್ಕ "ಐಸ್ ಮುಗೀತು" ಅಂತಿದೆ. 16ಕ್ಕೆ 6 ಡಿಗ್ರಿ, 17ಕ್ಕೆ 13. ಅಲ್ಲಿಗೆ ಬರಹ ನಿಂತಿದೆ. ಮಾಮ ನಕ್ಕಿದ್ದು ಆಗಲೇ ಇರಬೇಕು.

ಆ ಮಗುವಿಗೂ ಅನುಮಾನ ಬಂದಿತ್ತು, ಅಲ್ವಾ? ಬಂದರೂ ಸೊನ್ನೆಯನ್ನು ಮುಟ್ಟಲಿಲ್ಲ. ನೋಡುವವರಿಗೆ ಸರಿಯಾಗಿ ಕಾಣಲಿ ಅಂತ 2, 4, 6 ಅಂತ ತುಂಬಿಸಲಿಲ್ಲ. ಕಂಡದ್ದನ್ನೇ ಬರೆದಳು.

ಅವಳು ಕಂಡದ್ದು ನಿಜ. ಐಸಿನಲ್ಲಿ ನೀರಿನ ಅಣುಗಳು ಸಾಲಾಗಿ, ಒಂದನ್ನೊಂದು ಹಿಡಿದುಕೊಂಡು ಕೂತಿರುತ್ತವೆ. ಒಲೆಯ ಬಿಸಿಯೆಲ್ಲ ಆ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಐಸೆಲ್ಲ ಕರಗುವವರೆಗೆ ಥರ್ಮಾಮೀಟರ್ ಒಂದು ಗೆರೆಯೂ ಏರುವುದಿಲ್ಲ. 0 ಡಿಗ್ರಿಯ ಒಂದು ಗ್ರಾಂ ಐಸನ್ನು 0 ಡಿಗ್ರಿಯ ನೀರು ಮಾಡಲು ಸುಮಾರು 334 ಜೂಲ್ ಬೇಕು (ಜೂಲ್ ಅಂದರೆ ಬಿಸಿಯನ್ನು ಅಳೆಯುವ ಮಾನ). ಅದೇ ಬಿಸಿ ಆ ನೀರಿಗೆ ಸಿಕ್ಕರೆ ನೀರು 80 ಡಿಗ್ರಿಗೆ ಏರುತ್ತದೆ. ಈಗ ಅವಳ ಅಂಕಿಗಳನ್ನು ಮತ್ತೆ ನೋಡಿ. ಕರಗಲು ಹಿಡಿದದ್ದು 12 ನಿಮಿಷ. ಆಮೇಲೆ ನಿಮಿಷಕ್ಕೆ ಆರೇಳು ಡಿಗ್ರಿ ಏರಿದೆ. ಅದೇ ಉರಿಯಲ್ಲಿ ಇನ್ನೊಂದು 12 ನಿಮಿಷ ಬಿಟ್ಟಿದ್ದರೆ ಹೆಚ್ಚುಕಮ್ಮಿ 80ರ ಹತ್ತಿರ ಬರುತ್ತಿತ್ತು. ಎಷ್ಟು ಚೆನ್ನಾಗಿ ಅಳೆದಿದ್ದಾಳೆ ಹುಡುಗಿ!

ಇದಕ್ಕೆ ಗುಪ್ತೋಷ್ಣ ಅಂತ ಹೆಸರು. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರೊಫೆಸರ್ ಇದನ್ನು ಅಳೆದು ತೋರಿಸಿದರು. ಐಸ್ ಕರಗುವ ಹಂತಕ್ಕೆ ಬಂದರೆ ಸಾಕು, ಇನ್ನೊಂಚೂರು ಬಿಸಿ ಕೊಟ್ಟರೆ ಅಷ್ಟೂ ನೀರಾಗುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಹಾಗಾಗುವುದಾದರೆ ಬಿಸಿಲು ಬಂದ ಕೂಡಲೇ ಬೆಟ್ಟದ ಹಿಮವೆಲ್ಲ ಒಮ್ಮೆಲೇ ಕರಗಿ ಪ್ರವಾಹ ಬರಬೇಕಿತ್ತಲ್ಲ ಅಂತ ಬ್ಲ್ಯಾಕ್ ಕೇಳಿದರು. ನಿಮ್ಮ ಅಣ್ಣ ಇನ್ನೂ ಬ್ಲ್ಯಾಕ್‌ಗಿಂತ ಹಿಂದಿನ ಕಾಲದಲ್ಲೇ ನಿಂತು ನಗುತ್ತಿದ್ದಾರೆ.

ಪ್ಲಾಸ್ಮಾ ವಿಷಯಕ್ಕೆ ಬರೋಣ. ಇಲ್ಲಿ ಮಗಳಿಗೂ ಒಂದು ಮಾತು ಹೇಳಬೇಕು. ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತುಕೊಂಡು ಬಂದು, ಅನಿಲವೇ ವಿದ್ಯುತ್ ಹರಿಸುವಂತಾದರೆ ಅದು ಪ್ಲಾಸ್ಮಾ. ಸೂರ್ಯ ಪ್ಲಾಸ್ಮಾ, ಮಿಂಚಿನ ಗೆರೆ ಪ್ಲಾಸ್ಮಾ, ಉರಿಯುತ್ತಿರುವ ಟ್ಯೂಬ್‌ಲೈಟಿನ ಒಳಗಿರುವುದೂ ಪ್ಲಾಸ್ಮಾ. ಒಲೆಯ ಬೆಂಕಿಯಲ್ಲಿ ಹೀಗೆ ಬಿಡಿಯಾದ ಎಲೆಕ್ಟ್ರಾನ್‌ಗಳು ತೀರಾ ಕಮ್ಮಿ. ಅದನ್ನು ಬಿಸಿ ಅನಿಲ ಅನ್ನುವುದೇ ಸರಿ. ಆದರೆ ನಾಲ್ಕನೇ ಸ್ಥಿತಿ ಇದೆ ಅಂದದ್ದು ಪೂರ್ತಿ ಸರಿ. ಮಾಮನಿಗೂ ಒಂದು ಸಣ್ಣ ಸಮಾಧಾನ ಉಂಟು. 1928ರಲ್ಲಿ ಇದಕ್ಕೆ ಪ್ಲಾಸ್ಮಾ ಅಂತ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್‌ಗೆ ನೆನಪಾದದ್ದು ರಕ್ತದ ಪ್ಲಾಸ್ಮಾವೇ ಅಂತ ಅವರ ಜೊತೆ ಕೆಲಸ ಮಾಡಿದವರೊಬ್ಬರು ಬರೆದಿದ್ದಾರೆ. ನಗುವ ಬದಲು ಆ ಹೆಸರು ಎಲ್ಲಿಂದ ಬಂತು ಅಂತ ಹುಡುಕಿದ್ದರೆ ಇಬ್ಬರಿಗೂ ಮಾತಾಡಲು ಎಷ್ಟೊಂದು ಇರುತ್ತಿತ್ತು.

ನಿಮ್ಮ ಯಜಮಾನರ ಮೇಲೆ ನಿಮಗೆ ತುಂಬ ಕನಿಕರ. ನನಗಿಲ್ಲ. ಮಗಳ ಪರವಾಗಿ ಕೂಗಾಡಿದರು, ಒಪ್ಪಿದೆ. ಆದರೆ ಅವರೂ ಪಾತ್ರೆಯ ಹತ್ತಿರ ಹೋಗಲಿಲ್ಲ. ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ಅಂತ ಒಬ್ಬ ದೊಡ್ಡವರೂ ಬಗ್ಗಿ ನೋಡಲಿಲ್ಲ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಬೇಜಾರಾದರೂ ಮತ್ತೆ ಬರೆಯುತ್ತೇನೆ. ಮಗು ಏನಾದರೂ ತೋರಿಸಿದರೆ ಮೊದಲು ಬಗ್ಗಿ ನೋಡಿ. ಮಾತು ಆಮೇಲೆ.

ಹಾಗಾಗಿ ಯಾರೂ ಯಾರಿಗೂ ಸೋಲುವುದು ಬೇಡ. ಒಂದೇ ಕೆಲಸ ಮಾಡಿ. ನೋಟ್‌ಬುಕ್ ಇಳಿಸಿ, ಧೂಳು ಒರೆಸಿ, ಅಣ್ಣನನ್ನು ಮನೆಗೆ ಕರೆಯಿರಿ. ಕ್ಷಮೆ ಕೇಳಿಸಬೇಡಿ, ಭಾಷಣವೂ ಬೇಡ. ಅದೇ ಪಾತ್ರೆ, ಅದೇ ಉರಿ, ಅದೇ "ಕೆಟ್ಟ" ಥರ್ಮಾಮೀಟರ್. ಥರ್ಮಾಮೀಟರಿನ ತುದಿ ತಳಕ್ಕೆ ತಾಗದಿರಲಿ. ಕೈಯಾಡಿಸುವುದು, ಅಂಕಿ ಓದಿ ಹೇಳುವುದು ಮಾಮನ ಕೆಲಸ. ಗಡಿಯಾರ ನೋಡಿ ಬರೆಯುವುದು ಮಗಳ ಕೆಲಸ. ಯಜಮಾನರು ಪಕ್ಕದಲ್ಲಿ ಕೂತಿರಲಿ, ಐಸ್ ಮುಗಿಯುವವರೆಗೆ ಬಾಯಿ ಬಿಡಬಾರದು. ಹನ್ನೆರಡು ಸೊನ್ನೆಗಳನ್ನು ನಿಮ್ಮ ಅಣ್ಣ ತಮ್ಮ ಬಾಯಿಂದಲೇ ಹೇಳಲಿ.

ಐಸ್ ಮುಗಿದ ಮೇಲೂ ಒಲೆ ಆರಿಸಬೇಡಿ. ಕುದಿ ಬಂದಾಗ 100ರ ಹತ್ತಿರ ಥರ್ಮಾಮೀಟರ್ ಮತ್ತೆ ನಿಲ್ಲುತ್ತದೆ. ನೀವಿರುವ ಜಾಗ ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ ಕೆಳಗೇ ನಿಲ್ಲುತ್ತದೆ, ಆಗಲೂ ಮಾಮ ಥರ್ಮಾಮೀಟರನ್ನು ಬೈಯಬಾರದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2257 ಜೂಲ್ ಬೇಕು, ಐಸ್ ಕರಗುವುದಕ್ಕಿಂತ ಆರು ಪಟ್ಟಿಗೂ ಜಾಸ್ತಿ. ಹಬೆ ತಗುಲಿದರೆ ಕುದಿನೀರಿಗಿಂತ ಜೋರಾಗಿ ಸುಡುವುದು ಇದಕ್ಕೇ, ಎಲ್ಲರೂ ಮುಖ ದೂರ ಇಟ್ಟುಕೊಳ್ಳಿ. ಮೂತಿ ಇರುವ ಕೆಟಲ್ ಇದ್ದರೆ ಪಕ್ಕದಲ್ಲಿ ಅದನ್ನೂ ಇಡಿ. ನೀರು ಜೋರಾಗಿ ಕುದಿಯುವಾಗ ಮೂತಿಗೂ ಬಿಳಿ ಹೊಗೆಗೂ ನಡುವೆ ಬೆರಳಗಲ ಜಾಗ ಖಾಲಿ ಕಾಣುತ್ತದೆ. ಅನಿಲವಾದ ನೀರು ಇರುವುದು ಅಲ್ಲೇ, ಕಣ್ಣಿಗೆ ಕಾಣುವುದಿಲ್ಲ. ಆಚೆ ಬೆಳ್ಳಗೆ ಕಾಣುವುದು ಆಗಲೇ ತಣ್ಣಗಾಗಿ ಮತ್ತೆ ಹನಿಯಾದ ನೀರು. ಇದನ್ನು ಮಾತ್ರ ಮಗಳೇ ಮಾಮನಿಗೆ ತೋರಿಸಲಿ, ನೀವು ಮೊದಲೇ ಹೇಳಿಬಿಡಬೇಡಿ.

ಅವಳ ಆ ಪುಟದ ಕೆಳಗಿನ ಅರ್ಧ ಇನ್ನೂ ಖಾಲಿ ಇದೆ. ಬರೆದು ಮುಗಿಸಿದ ಮೇಲೆ ಅದರ ಫೋಟೊವನ್ನೂ ಕಳಿಸಿ.