ಲೂಪಸ್ ಸಂಶೋಧನೆಗೆ ಅಮೆರಿಕ ಸರ್ಕಾರದ ದುಡ್ಡು ಯಾಕೆ ಬೇಕು, ಕೇಳೋದು ಹೇಗೆ?

ಔಷಧ ಕಂಪನಿಗಳೇ ಇವೆಯಲ್ಲ, ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಂತ ಕೇಳಿದ್ದೀರಿ. ಒಂದೇ ಉದಾಹರಣೆ ಸಾಕು. ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಅಂತಲೇ ತಯಾರಾದ ಬೆಲಿಮುಮ್ಯಾಬ್ ಅನ್ನೋ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದಕ್ಕೆ ಮುಂಚೆ ಐವತ್ತಕ್ಕೂ ಜಾಸ್ತಿ ವರ್ಷ ಲೂಪಸ್‌ನ ಯಾವ ಹೊಸ ಔಷಧಕ್ಕೂ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಈ ಕಾಯಿಲೆ ಒಬ್ಬರಿಗೆ ಮೂಗು, ಕೆನ್ನೆ ಮೇಲೆ ಚಿಟ್ಟೆಯಾಕಾರದ ಕೆಂಪು ಕಲೆಯಾಗಿ ಬಂದರೆ ಇನ್ನೊಬ್ಬರಿಗೆ ಸೀದಾ ಕಿಡ್ನಿಗೇ ಹೋಗುತ್ತದೆ, ಹಾಗಾಗಿ ಔಷಧ ಪರೀಕ್ಷೆ ಮಾಡೋದೇ ಕಷ್ಟ, ದುಡ್ಡು ಹಾಕೋಕೆ ಕಂಪನಿಗಳು ಹಿಂದೆಮುಂದೆ ನೋಡುತ್ತವೆ.

ಕೇಳಿದರೆ ಸಿಗುತ್ತದೆ ಕೂಡ. 2017ರಲ್ಲಿ ಅಮೆರಿಕದ ಸಂಸತ್ತು ರಕ್ಷಣಾ ಇಲಾಖೆಯ ಬಜೆಟ್‌ನಲ್ಲೇ (ಹೌದು, ಸೇನೆಯ ಬಜೆಟ್!) ಲೂಪಸ್ ಸಂಶೋಧನೆಗೆ ಅಂತ 50 ಲಕ್ಷ ಡಾಲರ್ ಎತ್ತಿಟ್ಟಿತು. ಇದು ಪ್ರತಿ ವರ್ಷ ಹೊಸದಾಗಿ ಮಂಜೂರಾಗಬೇಕು, ಅದಕ್ಕೇ ವರ್ಷವರ್ಷವೂ ಕೇಳಲೇಬೇಕು.

ನೀವು ಅಲ್ಲಿದ್ದರೆ ನಿಮ್ಮ ಸಂಸದರ ಕಚೇರಿಗೆ ಬರೆಯಿರಿ, ಭೇಟಿಗೆ ಸಮಯ ಕೊಟ್ಟರೆ ಹೋಗಿ. ಸಾಮಾನ್ಯವಾಗಿ ಎದುರು ಕೂರೋದು ಸಂಸದರಲ್ಲ, ಆರೋಗ್ಯದ ವಿಷಯ ನೋಡಿಕೊಳ್ಳುವ ಅವರ ಸಿಬ್ಬಂದಿ. ಬೇಜಾರು ಬೇಡ, ವಿಷಯ ಒಳಗೆ ಮುಟ್ಟಿಸೋದು ಅವರೇ ಅಲ್ವಾ. ಸುಮ್ನೆ ಅಂಕಿಅಂಶ ಸುರಿಯಬೇಡಿ. ದಿನಕ್ಕೆ ಎಷ್ಟು ಮಾತ್ರೆ, ಎಷ್ಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಅಷ್ಟು ಹೇಳಿ. ಆಮೇಲೆ ಯಾವ ಕಾರ್ಯಕ್ರಮಕ್ಕೆ ಎಷ್ಟು ಡಾಲರ್ ಬೇಕು ಅಂತ ಬಾಯಿ ಬಿಟ್ಟು ಕೇಳಿ.