ರಿಪೇರಿಯಾಗಿ ಬಂದ ವಿಮಾನ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹಗುರ ವಿಮಾನಗಳ ಅಪಘಾತಗಳನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ನಿರ್ವಹಣೆಯಲ್ಲಿ ತಪ್ಪೆಸಗಿದ ಮೆಕ್ಯಾನಿಕ್‌ಗೆ ಕಠಿಣ ಶಿಕ್ಷೆಯಾಗಬೇಕು, 100 ಗಂಟೆಗಳ ಹಾರಾಟಕ್ಕೊಮ್ಮೆ ನಡೆಯುವ ತಪಾಸಣೆ 50 ಗಂಟೆಗೊಮ್ಮೆ ನಡೆಯಬೇಕು ಎಂದು ತಾವು ಸಲಹೆ ಮಾಡಿದ್ದೀರಿ. ಮಗ ವಿಮಾನ ಚಾಲನೆ ಕಲಿಯುತ್ತಿರುವಾಗ ತಂದೆಗೆ ಹೀಗನ್ನಿಸುವುದು ಸಹಜವೇ. ಆದರೂ ಎರಡನೆಯ ಸಲಹೆಯನ್ನು ನಾನು ಒಪ್ಪಲಾರೆ. ಮೊದಲನೆಯದನ್ನು ಅರ್ಧ ಮಾತ್ರ ಒಪ್ಪುತ್ತೇನೆ.

ತಪಾಸಣೆಯೆಂದರೆ ಬರಿಯ ನೋಟವಲ್ಲ. ನೋಡುವುದಕ್ಕಾಗಿಯೇ ಮುಚ್ಚಳ ತೆಗೆಯಬೇಕು, ಪೈಪುಗಳನ್ನು ಕಳಚಬೇಕು, ಆಮೇಲೆ ಎಲ್ಲವನ್ನೂ ಇದ್ದ ಹಾಗೆಯೇ ಜೋಡಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಕಡಲ ಮೇಲೆ ಗಸ್ತು ನಡೆಸುತ್ತಿದ್ದ ಕೋಸ್ಟಲ್ ಕಮಾಂಡ್ ವಿಭಾಗದ ವಿಮಾನಗಳ ದಾಖಲೆಗಳನ್ನು ಪರಿಶೀಲಿಸಿದ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಅವರ ಸಹೋದ್ಯೋಗಿಗಳಿಗೆ ಕಂಡದ್ದು, 50 ಗಂಟೆಗಳ ತಪಾಸಣೆ ಮುಗಿದ ಕೂಡಲೇ ದೋಷಗಳು ಹೆಚ್ಚುತ್ತಿದ್ದವು, ಹಾರಾಟ ಮುಂದುವರಿದಂತೆ ಕಡಿಮೆಯಾಗುತ್ತಿದ್ದವು ಎಂಬುದು. ಎಂಜಿನ್ ಎಣ್ಣೆ ಬದಲಿಸುವುದನ್ನೂ ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊ ನೋಡುವುದನ್ನೂ ಮುಂದೂಡಿ ಎಂದು ಇದರ ಅರ್ಥವಲ್ಲ. ಚೆನ್ನಾಗಿರುವುದನ್ನು ಕಾರಣವಿಲ್ಲದೆ ಬಿಚ್ಚಬಾರದು ಎಂದಷ್ಟೇ.

ತಪ್ಪು ಅವಿತುಕೊಳ್ಳುವ ಬಗೆಯನ್ನು ನೋಡಿ. ನಿಯಂತ್ರಣ ಸರಳುಗಳನ್ನು ಸೇರಿಸುವ ಬೋಲ್ಟ್‌ಗೆ, ಕೋಟೆಯ ತೆನೆಗಳಂತೆ ಮೇಲಂಚಿನಲ್ಲಿ ಕಚ್ಚುಗಳಿರುವ ನಟ್ ಹಾಕಿ, ಕಚ್ಚಿನ ಮೂಲಕ ಬೋಲ್ಟ್‌ನ ರಂಧ್ರಕ್ಕೆ, ನಟ್ ತಿರುಗದಂತೆ ತಡೆಯುವ ಎರಡು ಕಾಲಿನ ಕಾಟರ್ ಪಿನ್ ತೂರಿಸಿ ಅದರ ಕಾಲುಗಳನ್ನು ಮಡಚುತ್ತಾರೆ. ಪಿನ್ ಮರೆತರೂ ವಿಮಾನ ಆ ದಿನ ಚೆನ್ನಾಗಿಯೇ ಹಾರಬಹುದು. ಎಂಜಿನ್ನಿನ ನಡುಕಕ್ಕೆ ನಟ್ ಸ್ವಲ್ಪಸ್ವಲ್ಪವೇ ತಿರುಗಿ ಕಳಚುವ ಹೊತ್ತಿಗೆ, ಕೆಲಸ ಮಾಡಿದವನಿಗೆ ಆ ಬೋಲ್ಟ್ ಮುಟ್ಟಿದ ನೆನಪೂ ಇರಲಾರದು.

2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್‌ನಿಂದ ಮೇಲೇರಿದ ಏರ್ ಮಿಡ್‌ವೆಸ್ಟ್ ಸಂಸ್ಥೆಯ ಬೀಚ್‌ಕ್ರಾಫ್ಟ್ 1900ಡಿ ಕೂಡಲೇ ಬಿದ್ದು, ಅದರಲ್ಲಿದ್ದ 21 ಮಂದಿಯೂ ಸತ್ತರು. 19 ಪ್ರಯಾಣಿಕರ ಈ ವಿಮಾನವನ್ನು ತೀರಾ ಹಗುರದ್ದು ಎನ್ನಲಾಗದು, ಆದರೂ ಪಾಠ ಒಂದೇ. ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಫಲಕವಾದ ಎಲಿವೇಟರ್‌ನ ಕೇಬಲ್‌ನಲ್ಲಿ, ಅದರ ಬಿಗಿಯನ್ನು ಹೊಂದಿಸುವ ತಿರುಪುಗಳಾದ ಟರ್ನ್‌ಬಕಲ್‌ಗಳನ್ನು ತಪ್ಪಾಗಿ ಹೊಂದಿಸಿದ್ದರಿಂದ ಮೂಗನ್ನು ಕೆಳಗಿಳಿಸುವ ಚಲನೆ ಅರ್ಧದಷ್ಟೇ ಉಳಿದಿತ್ತು. ತಪ್ಪು ಹಾಗೆಯೇ ಇದ್ದು ವಿಮಾನ ಹಲವು ಬಾರಿ ಹಾರಿತ್ತು. ಅಂದು ಭಾರ ಮಿತಿ ಮೀರಿತ್ತು, ಹಿಂದಕ್ಕೂ ವಾಲಿತ್ತು. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಕೆಲಸವನ್ನು ಪರೀಕ್ಷಿಸಿ ಒಪ್ಪಬೇಕಾದವನೇ ಮೆಕ್ಯಾನಿಕ್‌ಗೆ ಆ ಕೆಲಸ ಕಲಿಸುತ್ತಿದ್ದ, ಕೆಲವು ಹಂತಗಳನ್ನು ಬಿಡಲು ಅವನೇ ಒಪ್ಪಿದ್ದ. ಅಂದರೆ ಎರಡನೆಯ ಕಣ್ಣು ಹೆಸರಿಗೆ ಮಾತ್ರ ಇತ್ತು.

ಇನ್ನು ಶಿಕ್ಷೆಯ ಮಾತು. ಮಾಡದ ಕೆಲಸಕ್ಕೆ ಸಹಿ ಹಾಕಿದವನನ್ನು ಶಿಕ್ಷಿಸಲೇಬೇಕು. ಆದರೆ 1991ರಲ್ಲಿ ಟೆಕ್ಸಾಸ್‌ನ ಈಗಲ್ ಲೇಕ್ ಬಳಿ 14 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತದಲ್ಲಿ, ಬಾಲದ ರೆಕ್ಕೆಯ 47 ಸ್ಕ್ರೂಗಳನ್ನು ಒಂದು ಪಾಳಿಯವರು ಬಿಚ್ಚಿದ್ದು ಮುಂದಿನ ಪಾಳಿಗೆ ಸರಿಯಾಗಿ ತಿಳಿದಿರಲಿಲ್ಲ. ಇಂಥಲ್ಲಿ ಒಬ್ಬನನ್ನು ಹಿಡಿದು ಜೈಲಿಗೆ ಹಾಕಿದರೆ, ಮನೆಗೆ ಹೋದ ಮೇಲೆ ‘ಆ ಪಿನ್ ಹಾಕಿದೆನೋ ಇಲ್ಲವೋ’ ಎಂಬ ಅನುಮಾನ ಬಂದವನು ವಿಮಾನ ನಿಂತಿರುವ ಹ್ಯಾಂಗರಿಗೆ ಫೋನ್ ಮಾಡುವ ಬದಲು ಸುಮ್ಮನಿರುತ್ತಾನೆ. ಅದು ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ.

ತಮ್ಮ ಮಗ ಏನು ಮಾಡಬೇಕೆಂದು ಕೇಳಿದ್ದೀರಿ. ಹಾರುವ ಮುನ್ನ ಲಾಗ್‌ಬುಕ್ಕಿನ ಕೊನೆಯ ನಮೂದನ್ನು ಓದಲಿ. ನಿಯಂತ್ರಣ ಕೇಬಲ್‌ಗಳನ್ನು ಮುಟ್ಟಿದ್ದರೆ, ಆ ಕೆಲಸವನ್ನು ಮಾಡದ ಇನ್ನೊಬ್ಬರು ನೋಡಿ ಸಹಿ ಮಾಡಿದ್ದಾರೆಯೇ ಎಂದು ಕೇಳಲಿ. ನಿಯಂತ್ರಣಗಳು ಸಲೀಸಾಗಿ ಆಡುತ್ತವೆ ಎಂದಷ್ಟಕ್ಕೆ ತೃಪ್ತನಾಗದೆ, ಯಾವ ಕಡೆಗೆ ಆಡುತ್ತವೆ ಎಂಬುದನ್ನು ಕಣ್ಣಾರೆ ನೋಡಲಿ: ನಿಯಂತ್ರಣ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಎಡ ರೆಕ್ಕೆಯ ಹಿಂದಂಚಿನ ಚಲಿಸುವ ಫಲಕವಾದ ಏಲರಾನ್ ಮೇಲೇಳಬೇಕು, ಬಲಗಡೆಯದು ಇಳಿಯಬೇಕು. ಕೇಬಲ್‌ಗಳು ಅದಲುಬದಲಾಗಿದ್ದರೂ ಚಕ್ರ ಸಲೀಸಾಗಿಯೇ ತಿರುಗುತ್ತದೆ. ದೊಡ್ಡ ಕೆಲಸದ ನಂತರದ ಮೊದಲ ಹಾರಾಟವನ್ನು ಅನುಭವಿ ಪೈಲಟ್ ಒಬ್ಬರೇ, ಹಗಲಿನಲ್ಲಿ, ನಿಲ್ದಾಣದ ಹತ್ತಿರವೇ ನಡೆಸುವುದು ಒಳ್ಳೆಯ ರೂಢಿ. ಅದಾಗುವವರೆಗೆ ತಮ್ಮ ಮಗ ತನ್ನ ಪಾಠವನ್ನು ಮುಂದಕ್ಕೆ ಹಾಕಿಕೊಳ್ಳಲು ಸಂಕೋಚಪಡಬೇಕಿಲ್ಲ.

— ಸಂಪಾದಕ